ಮಾತು ನಿಲ್ಲಿಸಿದ್ರೆ ಲಾಭ ಯಾರಿಗೆ? ವೆಂಟಿಲೇಟರ್ ರೋಗಿಗಳ ಮೇಲೆ ನಡೆದ ಒಂದು ಟ್ರಯಲ್

ಬ್ಯಾಕ್ಟೀರಿಯಾನ ಕೊಲ್ಲೋದೇ ಬೇಡ, ಅವು ಒಂದಕ್ಕೊಂದು ಮಾತಾಡೋದನ್ನ ಕೆಡಿಸಿಬಿಟ್ರೆ ಸಾಕು, ಕೊಲ್ಲದೇ ಇದ್ರೆ ಅವುಗಳ ಮೇಲೆ ಒತ್ತಡ ಇರಲ್ಲ, ಒತ್ತಡ ಇಲ್ದೇ ಇದ್ರೆ ರೆಸಿಸ್ಟೆನ್ಸೂ, ಅಂದ್ರೆ ಔಷಧಿಗೆ ಬಗ್ಗದ ಗುಣನೂ, ಬೆಳೆಯಲ್ಲ. ಈ ವಾದ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಕೇಳೋಕೆ ಚೆನ್ನಾಗಿದೆ, ಲ್ಯಾಬಿನ ತಟ್ಟೆಯಲ್ಲೂ ಚೆನ್ನಾಗೇ ನಡೆಯುತ್ತೆ, ಇಲಿಗಳಲ್ಲೂ ಪರವಾಗಿಲ್ಲ. ಮನುಷ್ಯರ ಮೇಲೆ ಪ್ಲಸೀಬೊ (ಔಷಧಿ ಥರಾನೇ ಕಾಣೋ, ಆದ್ರೆ ಔಷಧಿ ಇಲ್ಲದ ಡೋಸ್) ಇಟ್ಕೊಂಡು ಕಟ್ಟುನಿಟ್ಟಾಗಿ ನೋಡಿದ ಉದಾಹರಣೆ ಹುಡುಕಿದ್ರೆ ಮಾತ್ರ ಬೆರಳೆಣಿಕೆಯಷ್ಟೇ ಸಿಗೋದು. ಅವುಗಳಲ್ಲಿ ಒಂದನ್ನ ಇಲ್ಲಿ ಪೂರ್ತಿ ಬಿಡಿಸಿ ನೋಡೋಣ, ಯಾಕಂದ್ರೆ ಅದು ಸೋಲೂ ಅಲ್ಲ ಗೆಲುವೂ ಅಲ್ಲ, ಮತ್ತೆ ಅದರಿಂದ ಹೊರಬಿದ್ದ ಎರಡನೇ ಫಲಿತಾಂಶ ಮೊದಲನೇದಕ್ಕಿಂತ ಹೆಚ್ಚು ತಲೆ ಕೆಡಿಸುತ್ತೆ.

ಸಂದರ್ಭ ಹೀಗಿದೆ. ಐಸಿಯುನಲ್ಲಿ ಒಬ್ಬ ರೋಗಿ, ಗಂಟಲಲ್ಲಿ ಟ್ಯೂಬ್, ಉಸಿರಾಟ ವೆಂಟಿಲೇಟರ್ ಮೇಲೆ. ಟ್ಯೂಬ್ ಇರೋದ್ರಿಂದ ಕೆಮ್ಮೋಕಾಗಲ್ಲ, ಕಫ ತಾನಾಗೇ ಹೊರಗೆ ಬರಲ್ಲ, ಟ್ಯೂಬಿನ ಒಳಗೋಡೆ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳೋಕೆ ಹೇಳಿ ಮಾಡಿಸಿದ ಜಾಗ. ಕೆಲವು ದಿನದಲ್ಲಿ ಶ್ವಾಸನಾಳದ ದ್ರವ ಕಲ್ಚರ್ ಮಾಡಿದ್ರೆ, ಅಂದ್ರೆ ಲ್ಯಾಬಿನಲ್ಲಿ ಬೆಳೆಸಿ ನೋಡಿದ್ರೆ, ಸೂಡೊಮೊನಾಸ್ ಏರುಜಿನೋಸಾ ಅನ್ನೋ ಬ್ಯಾಕ್ಟೀರಿಯಾ ಬರುತ್ತೆ. ಜ್ವರ ಇಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಅಂದ್ರೆ ಅದು ಬಂದು ಕೂತಿದೆ ಅಷ್ಟೇ, ರೋಗ ಇನ್ನೂ ಶುರುವಾಗಿಲ್ಲ. ಇಲ್ಲಿ ಡಾಕ್ಟರ್ ಏನು ಮಾಡ್ಬೇಕು? ಆಂಟಿಬಯೋಟಿಕ್ ಕೊಟ್ರೆ ಇರೋದ್ರಲ್ಲಿ ಬಗ್ಗದೇ ಇರೋದು ಮಾತ್ರ ಉಳ್ಕೊಳ್ಳುತ್ತೆ, ಆಮೇಲೆ ನಿಜವಾಗ್ಲೂ ನ್ಯುಮೋನಿಯಾ ಬಂದಾಗ ಕೈಯಲ್ಲಿ ಔಷಧಿ ಇರಲ್ಲ. ಕೊಡದೇ ಸುಮ್ನೆ ಇದ್ರೆ ಕೆಲವರಿಗೆ ನ್ಯುಮೋನಿಯಾ ಬಂದೇ ಬರುತ್ತೆ, ಯಾರಿಗೆ ಅಂತ ಮೊದಲೇ ಗೊತ್ತಾಗಲ್ಲ.

ಸೂಡೊಮೊನಾಸ್ ಸಾಮಾನ್ಯ ಶತ್ರು ಅಲ್ಲ. ಹೊರಪೊರೆ ಬಿಗಿ, ಒಳಗೆ ಬಂದ ಔಷಧಿನ ಹೊರಗೆ ಎಸೆಯೋ ಪಂಪುಗಳು ಒಂದೆರಡಲ್ಲ, ಅದರ ಮೇಲೆ ಬಯೋಫಿಲ್ಮ್ ಬೇರೆ, ಅಂದ್ರೆ ಗುಂಪಾಗಿ ಅಂಟಿಕೊಂಡು ಸುತ್ತ ಕಟ್ಕೊಳ್ಳೋ ಲೋಳೆ ಪದರ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧಿ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ ಕಾರ್ಬಪೆನೆಮ್ ಅನ್ನೋ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗದ ಸೂಡೊಮೊನಾಸ್‌ನ ಅತಿ ಗಂಭೀರ ಗುಂಪಿಗೆ ಸೇರಿಸಿತ್ತು, 2024ರ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದಿದೆ, ಆದ್ರೂ ಪಟ್ಟಿಯಿಂದ ಹೊರಗೆ ಹೋಗಿಲ್ಲ. 2019ರಲ್ಲಿ ಪ್ರಪಂಚದಲ್ಲಿ ನೇರವಾಗಿ ರೆಸಿಸ್ಟೆನ್ಸ್‌ನಿಂದಲೇ ಆದ ಸಾವು ಸುಮಾರು 12.7 ಲಕ್ಷ ಅನ್ನೋ ಅಂದಾಜಿದೆ, ಅದರಲ್ಲಿ ದೊಡ್ಡ ಪಾಲು ತಗೊಂಡ ಆರು ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು.

ಈಗ ಮಾತುಕತೆ ವಿಷಯ. ಇದಕ್ಕೆ ಕೋರಂ ಸೆನ್ಸಿಂಗ್ ಅಂತಾರೆ, ಹೆಸರು ಬಂದಿದ್ದು 1994ರಲ್ಲಿ, ಆದ್ರೆ ವಿದ್ಯಮಾನ ಗೊತ್ತಾಗಿದ್ದು 1970ರಲ್ಲೇ, ಬೆಳಕು ಬೀರೋ ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ. ಒಂಟಿಯಾಗಿದ್ದಾಗ ಬೆಳಕಿಲ್ಲ, ಗುಂಪು ದಟ್ಟವಾದಾಗ ಮಾತ್ರ ಬೆಳಕು. ಪ್ರತಿ ಕೋಶನೂ ಒಂದು ಚಿಕ್ಕ ಅಣುನ ಹೊರಗೆ ಬಿಡ್ತಾ ಇರುತ್ತೆ, ಸುತ್ತ ಅದರ ಪ್ರಮಾಣ ಒಂದು ಮಟ್ಟ ದಾಟಿದ್ರೆ "ನಾವು ಸಾಕಷ್ಟು ಜನ ಇದೀವಿ" ಅಂತ ಗೊತ್ತಾಗಿ ಎಲ್ಲಾ ಒಟ್ಟಿಗೆ ಜೀನ್‌ಗಳನ್ನ ಆನ್ ಮಾಡ್ತವೆ. ಸೂಡೊಮೊನಾಸ್‌ನಲ್ಲಿ ಇಂಥ ವ್ಯವಸ್ಥೆ ಒಂದರ ಮೇಲೊಂದಿದೆ. ಮೇಲಿರೋದು ಲಾಸ್, ಅದರಲ್ಲಿ ಸಿಗ್ನಲ್ ತಯಾರಿಸೋದು ಲಾಸ್‌ಐ, ಆ ಸಿಗ್ನಲ್ ಹಿಡಿಯೋದು ಲಾಸ್‌ಆರ್. ಅದರ ಕೆಳಗೆ ಆರ್‌ಎಚ್‌ಎಲ್, ಪಕ್ಕದಲ್ಲಿ ಪಿಕ್ಯೂಎಸ್ ಅಂತ ಇನ್ನೊಂದು. ಇವೆಲ್ಲ ಸೇರಿ ನೂರಾರು ಜೀನ್‌ಗಳನ್ನ ನಡೆಸ್ತವೆ, ಆದ್ರೆ ನಮಗೆ ಇಲ್ಲಿ ಬೇಕಾಗಿರೋದು ಎರಡೇ ಸಾಮಾನು. ಒಂದು ಇಲಾಸ್ಟೇಸ್, ಅಂಗಾಂಶದ ಪ್ರೋಟೀನನ್ನ ಕತ್ತರಿಸೋ ಎನ್ಜೈಮ್. ಇನ್ನೊಂದು ರ್ಯಾಮ್ನೋಲಿಪಿಡ್, ಸೋಪಿನ ಗುಣದ ಅಣು, ಇದು ನಮ್ಮ ನ್ಯೂಟ್ರೋಫಿಲ್‌ಗಳನ್ನ, ಅಂದ್ರೆ ಮೊದಲು ಓಡಿ ಬರೋ ಬಿಳಿ ರಕ್ತಕಣಗಳನ್ನ, ಬೇಗನೇ ಸಾಯಿಸಿಬಿಡುತ್ತೆ. ಎರಡೂ ಕೋಶದಿಂದ ಹೊರಗೆ ಹೋಗೋ ಸಾಮಾನು. ಈ "ಹೊರಗೆ ಹೋಗೋದು" ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಇಡೀ ಪ್ರಕರಣ ಅದರ ಮೇಲೇ ನಿಂತಿದೆ.

ಮಾತು ಕೆಡಿಸೋಕೆ ಔಷಧಿ ಯಾವುದು? ಪ್ರಸಿದ್ಧವಾಗಿರೋದು ಫ್ಯುರನೋನ್‌ಗಳು, ಡೆಲಿಸಿಯಾ ಪಲ್ಕ್ರಾ ಅನ್ನೋ ಕೆಂಪು ಕಡಲಪಾಚಿ ತನ್ನ ಮೈಮೇಲೆ ಬ್ಯಾಕ್ಟೀರಿಯಾ ಕೂರದ ಹಾಗೆ ಮಾಡ್ಕೊಳ್ಳೋ ರಾಸಾಯನಿಕ. ಅದನ್ನ ತಿದ್ದಿ ಮಾಡಿದ ಸಿ-30 ಅನ್ನೋದು 2003ರಲ್ಲಿ ಇಲಿಗಳ ಶ್ವಾಸಕೋಶದ ಸೋಂಕಿನಲ್ಲಿ ಕೆಲಸ ಮಾಡಿತ್ತು, ಆದ್ರೆ ಬ್ರೋಮಿನ್ ಇರೋ ಇಂಥ ಅಣುಗಳನ್ನ ಮನುಷ್ಯರಿಗೆ ಕೊಡೋ ಧೈರ್ಯ ಯಾರಿಗೂ ಇಲ್ಲ, ವಿಷತ್ವದ ಸಮಸ್ಯೆ. ಇನ್ನೊಂದು ದಾರಿ ಸಿಗ್ನಲ್ ಅಣುನೇ ಕತ್ತರಿಸೋ ಲ್ಯಾಕ್ಟೋನೇಸ್ ಎನ್ಜೈಮ್‌ಗಳು, ಬ್ಯಾಸಿಲಸ್‌ನಿಂದ ಬಂದ ಅಂಥ ಒಂದು ಜೀನನ್ನ ಆಲೂಗಡ್ಡೆ ಮತ್ತು ತಂಬಾಕಿನ ಗಿಡಕ್ಕೆ ಸೇರಿಸಿದಾಗ ಕೊಳೆರೋಗ ಕಡಿಮೆಯಾಗಿದ್ದು 2001ರಲ್ಲಿ ಪ್ರಕಟ ಆಗಿದೆ. ಬೆಳ್ಳುಳ್ಳಿನೂ ಬಿಟ್ಟಿಲ್ಲ. ಅದರ ಸಾರ ಲ್ಯಾಬಿನಲ್ಲಿ ಮಾತು ಕೆಡಿಸುತ್ತೆ ಅನ್ನೋದು ನಿಜ, ಆದ್ರೆ 2010ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ತುಂಬೋ ಆನುವಂಶಿಕ ಕಾಯಿಲೆ) ಇರೋ 26 ಜನರ ಚಿಕ್ಕ ಟ್ರಯಲ್‌ನಲ್ಲಿ ಗಮನಾರ್ಹ ಪ್ರಯೋಜನ ಏನೂ ಕಾಣಿಸ್ಲಿಲ್ಲ. ಬೆಳ್ಳುಳ್ಳಿನೇ ಆಂಟಿಬಯೋಟಿಕ್ ಅಂತ ಫಾರ್ವರ್ಡ್ ಮಾಡೋರು ಈ ಭಾಗನ ಓದಿರಲ್ಲ.

ಉಳಿದಿದ್ದು ಅಜಿತ್ರೋಮೈಸಿನ್. ಇದು ಆಂಟಿಬಯೋಟಿಕ್ಕೇ, ಬ್ಯಾಕ್ಟೀರಿಯಾದ ರೈಬೋಸೋಮ್ ಹಿಡಿದು ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತೆ, ಆದ್ರೆ ಮಾಮೂಲಿ ಡೋಸಿನಲ್ಲಿ ಸೂಡೊಮೊನಾಸ್‌ನ ಕೊಲ್ಲಲ್ಲ. ಹಾಗಿದ್ರೂ ಇದಕ್ಕೇ ಸೇರಿದ ಮ್ಯಾಕ್ರೋಲೈಡ್ ಗುಂಪಿನ ಎರಿತ್ರೋಮೈಸಿನ್ನನ್ನ ಜಪಾನಿನಲ್ಲಿ 1980ರ ದಶಕದಿಂದ ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೊಲೈಟಿಸ್ ಅನ್ನೋ ಶ್ವಾಸಕೋಶದ ಕಾಯಿಲೆಗೆ ಕಡಿಮೆ ಡೋಸಿನಲ್ಲಿ ತುಂಬಾ ದಿನ ಕೊಟ್ಟಾಗ, ಸೂಡೊಮೊನಾಸ್ ಕೂತಿರೋ ರೋಗಿಗಳೂ ಹೆಚ್ಚು ವರ್ಷ ಬದುಕೋಕೆ ಶುರು ಮಾಡಿದ್ರು. ಕೊಲ್ಲದ ಔಷಧಿ ಹೇಗೆ ಉಳಿಸ್ತು? 2001ರಲ್ಲಿ ಒಂದು ಉತ್ತರ ಬಂತು, ಮಿಲಿಲೀಟರಿಗೆ ಬರೀ 2 ಮೈಕ್ರೋಗ್ರಾಂ ಅಜಿತ್ರೋಮೈಸಿನ್ ಇದ್ರೂ ಲಾಸ್ ಮತ್ತು ಆರ್‌ಎಚ್‌ಎಲ್ ಎರಡರ ಸಿಗ್ನಲ್ ತಯಾರಿನೂ ಇಳಿದುಹೋಗುತ್ತೆ ಅಂತ. ಇಲ್ಲಿ ಒಂದು ತಕರಾರು ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ಅಜಿತ್ರೋಮೈಸಿನ್ ನಮ್ಮ ದೇಹದ ಉರಿಯೂತನೂ ತಗ್ಗಿಸುತ್ತೆ. ಹಾಗಾಗಿ ರೋಗಿ ಚೇತರಿಸಿಕೊಂಡ್ರೆ ಅದು ಬ್ಯಾಕ್ಟೀರಿಯಾ ಸುಮ್ಮನಾಗಿದ್ದಕ್ಕೋ ದೇಹ ಶಾಂತ ಆಗಿದ್ದಕ್ಕೋ ಅಂತ ಬೇರ್ಪಡಿಸಿ ಹೇಳೋದು ಕಷ್ಟ.

ಟ್ರಯಲ್‌ಗೆ ಬರೋಣ. ಜಿನೀವಾದ ಕ್ರಿಸ್ಟಿಯನ್ ವಾನ್ ಡೆಲ್ಡೆನ್ ಮತ್ತು ಥಿಲೋ ಕೋಲರ್ ಇದ್ದ ತಂಡ ಬೇರೆಬೇರೆ ಆಸ್ಪತ್ರೆಗಳ ಐಸಿಯುಗಳನ್ನ ಸೇರಿಸ್ಕೊಂಡು ಮಾಡಿದ್ದು. ಟ್ಯೂಬ್ ಹಾಕಿದ, ಸೂಡೊಮೊನಾಸ್ ಕೂತಿರೋ ಆದ್ರೆ ಅದರಿಂದ ಇನ್ನೂ ನ್ಯುಮೋನಿಯಾ ಬಂದಿಲ್ಲದ ರೋಗಿಗಳು. ಅರ್ಧ ಜನಕ್ಕೆ ದಿನಕ್ಕೆ 300 ಮಿಲಿಗ್ರಾಂ ಅಜಿತ್ರೋಮೈಸಿನ್, ಇನ್ನರ್ಧಕ್ಕೆ ಪ್ಲಸೀಬೊ, ಯಾರಿಗೆ ಏನು ಹೋಗ್ತಿದೆ ಅಂತ ಡಾಕ್ಟರಿಗೂ ಗೊತ್ತಿಲ್ಲ ರೋಗಿಗೂ ಗೊತ್ತಿಲ್ಲ. ಸೇರಿದ್ದು 92 ಜನ, ನಿಯಮದ ಪ್ರಕಾರ ಲೆಕ್ಕಕ್ಕೆ ಸಿಕ್ಕಿದ್ದು ಔಷಧಿ ಕಡೆ 43, ಪ್ಲಸೀಬೊ ಕಡೆ 42. 2012ರಲ್ಲಿ ಫಲಿತಾಂಶ ಬಂತು. ಸೂಡೊಮೊನಾಸ್ ನ್ಯುಮೋನಿಯಾ ಆಗಿದ್ದು ಔಷಧಿ ತಗೊಂಡೋರಲ್ಲಿ 4.7%, ಪ್ಲಸೀಬೊದಲ್ಲಿ 14.3%.

ಮೂರು ಪಟ್ಟು ವ್ಯತ್ಯಾಸ ಅಂತ ಖುಷಿಯಾಗುತ್ತೆ ಅಲ್ವಾ. ತಲೆ ಎಣಿಸಿದ್ರೆ ಅದು 43ರಲ್ಲಿ 2 ಮತ್ತು 42ರಲ್ಲಿ 6. ಪಿ ಮೌಲ್ಯ 0.156, ಅಂದ್ರೆ ಔಷಧಿಯಿಂದ ಏನೂ ಆಗದೇ ಇದ್ರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಅದೃಷ್ಟದಿಂದ ನೂರಕ್ಕೆ ಹದಿನೈದು ಹದಿನಾರು ಸಲ ಕಾಣಿಸ್ಕೊಳ್ಳಬಹುದು. ಇದನ್ನ ಸಾಬೀತು ಅಂತ ಕರೆಯೋಕಾಗಲ್ಲ, ಅವರೂ ಕರೆದಿಲ್ಲ. ಆದ್ರೆ ಯಾಕೆ ಗಟ್ಟಿಯಾಗಿ ಬರ್ಲಿಲ್ಲ ಅನ್ನೋದನ್ನ ನೋಡಿದ್ರೆ ವಿಷಯ ಸ್ವಾರಸ್ಯ ಆಗುತ್ತೆ. ರೋಗಿಗಳಿಂದ ತೆಗೆದ ಬ್ಯಾಕ್ಟೀರಿಯಾಗಳನ್ನ ಪರೀಕ್ಷೆ ಮಾಡಿದಾಗ ಬಹುಪಾಲು ಮೊದಲಿಂದಲೇ ಮೆತ್ತಗಿದ್ದವು, ಎರಡೂ ಗುಂಪಿನಲ್ಲಿ. ಮಾತೇ ಆಡದೇ ಇರೋರ ಬಾಯಿ ಮುಚ್ಚಿಸಿ ಏನು ಪ್ರಯೋಜನ. ರ್ಯಾಮ್ನೋಲಿಪಿಡ್‌ನ ಜೋರಾಗಿ ತಯಾರಿಸೋ ಬ್ಯಾಕ್ಟೀರಿಯಾ ನಿರಂತರವಾಗಿ ಕೂತಿದ್ದು ಪ್ರತಿ ಗುಂಪಿನಲ್ಲಿ ಐದೇ ಐದು ಜನಕ್ಕೆ, ಆ ಐವರು-ಐವರನ್ನ ಹೋಲಿಸಿದಾಗ ನ್ಯುಮೋನಿಯಾ ಐದು ಪಟ್ಟು ಕಡಿಮೆ, ಪಿ ಮೌಲ್ಯನೂ 0.05ರ ಕೆಳಗೆ ಬಂತು. ಹತ್ತು ಜನರ ಲೆಕ್ಕದ ಮೇಲೆ ನಾನಂತೂ ದೊಡ್ಡ ಮಾತು ಆಡಲ್ಲ, ಒಬ್ಬ ರೋಗಿ ಆಚೀಚೆ ಆಗಿದ್ರೂ ಈ ಅಂಕಿ ಬಿದ್ದುಹೋಗ್ತಿತ್ತು. ಆದ್ರೆ ದಿಕ್ಕು ಸರಿಯಾಗಿದೆ, ಯಾಕಂದ್ರೆ ಬಂದು ಕೂತಿರೋ ಬ್ಯಾಕ್ಟೀರಿಯಾ ರ್ಯಾಮ್ನೋಲಿಪಿಡ್ ತಯಾರಿಸ್ತಿದ್ರೆ ನ್ಯುಮೋನಿಯಾ ಬರೋ ಸಾಧ್ಯತೆ ಹೆಚ್ಚು ಅಂತ ಇದೇ ತಂಡ ಪ್ಲಸೀಬೊ ರೋಗಿಗಳಲ್ಲಿ ಬೇರೆಯಾಗಿ ತೋರಿಸಿತ್ತು.

ಇಲ್ಲಿಗೆ ನಿಲ್ಲಿಸಿದ್ರೆ "ಸರಿಯಾದ ರೋಗಿನ ಆರಿಸ್ಕೊಳ್ಳಿ, ಕೆಲಸ ಮಾಡುತ್ತೆ" ಅನ್ನೋ ಕಥೆ ಆಗ್ತಿತ್ತು. ಆದ್ರೆ ಇದೇ ಟ್ರಯಲ್‌ನ ರೋಗಿಗಳಿಂದ ದಿನದಿಂದ ದಿನಕ್ಕೆ ತೆಗೆದಿಟ್ಟ ಸ್ಯಾಂಪಲ್‌ಗಳಲ್ಲಿ ಬ್ಯಾಕ್ಟೀರಿಯಾಗಳ ಸಂಸಾರ ಹೇಗೆ ಬದಲಾಗ್ತಾ ಹೋಯ್ತು ಅಂತ ನೋಡಿದ ಪೇಪರ್ 2010ರಲ್ಲೇ ಬಂದಿತ್ತು, ಅಂದ್ರೆ ಕ್ಲಿನಿಕಲ್ ಫಲಿತಾಂಶಕ್ಕಿಂತ ಎರಡು ವರ್ಷ ಮೊದಲು. ನನ್ನ ಪ್ರಕಾರ ಓದಬೇಕಾಗಿರೋದು ಅದನ್ನ.

ಮೊದಲು ಪ್ಲಸೀಬೊ ಗುಂಪು ನೋಡಿ. ಔಷಧಿ ಇಲ್ಲ, ಮಾತು ಆರಾಮಾಗಿ ನಡೀತಿದೆ. ಅಲ್ಲಿ ದಿನ ಕಳೆದ ಹಾಗೆ ಲಾಸ್‌ಆರ್ ಜೀನ್ ಕೆಟ್ಟುಹೋದ ಮ್ಯೂಟೆಂಟ್‌ಗಳು ಜಾಸ್ತಿ ಆಗ್ತಾ ಹೋದವು. ಸಿಗ್ನಲ್ ಕೇಳಿಸದ ಬ್ಯಾಕ್ಟೀರಿಯಾ ಯಾಕೆ ಗೆಲ್ಲುತ್ತೆ? ಇಲಾಸ್ಟೇಸ್ ಹೊರಗೆ ಹೋಗೋ ಸಾಮಾನು ಅಂದ್ನಲ್ಲ, ಅದು ಪ್ರೋಟೀನನ್ನ ತುಂಡು ಮಾಡಿದ್ರೆ ಆ ತುಂಡುಗಳು ಅಕ್ಕಪಕ್ಕದ ಎಲ್ಲರಿಗೂ ಆಹಾರ. ತಯಾರಿಸಿದವರಿಗೆ ಖರ್ಚು, ತಿನ್ನೋದು ಎಲ್ಲರೂ. ಕಿವುಡು ಮ್ಯೂಟೆಂಟ್ ಖರ್ಚು ಮಾಡಲ್ಲ, ತಿನ್ನೋಕೆ ಮಾತ್ರ ಬರುತ್ತೆ, ಉಳಿಸಿದ ಶಕ್ತಿನ ಬೆಳೆಯೋಕೆ ಬಳಸುತ್ತೆ. ಬಿಟ್ಟಿ ಗಿರಾಕಿಗಳು. ಇಂಥವು ಜಾಸ್ತಿ ಆದ ಹಾಗೆ ಇಡೀ ಗುಂಪಿನ ವಿಷ ಕಡಿಮೆ ಆಗುತ್ತೆ, ಯಾರೂ ಏನೂ ಮಾಡದೇನೇ.

ಈಗ ಅಜಿತ್ರೋಮೈಸಿನ್ ಗುಂಪು. ಔಷಧಿ ತನ್ನ ಕೆಲಸ ಮಾಡಿದೆ, ಶ್ವಾಸನಾಳದ ದ್ರವದಲ್ಲೇ ನೇರವಾಗಿ ಅಳೆದಾಗ ಕೋರಂ ಸೆನ್ಸಿಂಗ್ ಜೀನ್‌ಗಳ ಚಟುವಟಿಕೆ ಇಳಿದಿದೆ. ಆದ್ರೆ ಯಾರೂ ಖರ್ಚು ಮಾಡದೇ ಇದ್ದಾಗ ಬಿಟ್ಟಿ ಗಿರಾಕಿಗೆ ಏನು ಲಾಭ? ಏನೂ ಇಲ್ಲ. ಮ್ಯೂಟೆಂಟ್‌ಗಳ ಮೇಲುಗೈ ಹೋಯ್ತು, ಮಾತಾಡೋ ಸಾಮರ್ಥ್ಯ ಪೂರ್ತಿ ಇಟ್ಕೊಂಡಿರೋ, ರೋಗ ತರೋ ಮೂಲ ತಳಿನೇ ಹೆಚ್ಚಾಗಿ ಉಳ್ಕೊಳ್ತು. ಲ್ಯಾಬಿನಲ್ಲಿ ಎರಡನ್ನೂ ಬೆರೆಸಿ ಬೆಳೆಸಿದಾಗಲೂ ಹಾಗೇ ಆಯ್ತು, ಔಷಧಿ ಇಲ್ದೆ ಮ್ಯೂಟೆಂಟ್ ಒಳನುಗ್ಗುತ್ತೆ, ಔಷಧಿ ಇದ್ರೆ ನುಗ್ಗೋಕಾಗಲ್ಲ. ಅಂದ್ರೆ ಔಷಧಿ ಇರೋವರೆಗೂ ಅವು ಸುಮ್ಮನಿರ್ತವೆ, ಆದ್ರೆ ಔಷಧಿನೇ ಅವುಗಳನ್ನ ಕಾಪಾಡಿದೆ. ನಿಲ್ಲಿಸಿದ ದಿನ ಅಥವಾ ಪಕ್ಕದ ಬೆಡ್ಡಿನ ರೋಗಿಗೆ ದಾಟಿದ ದಿನ, ಮೆತ್ತಗಾಗಿರಬೇಕಾದ ಗುಂಪಿನ ಜಾಗದಲ್ಲಿ ಹಲ್ಲು ಗಟ್ಟಿ ಇರೋ ಗುಂಪು ಇರುತ್ತೆ. ಆಸ್ಪತ್ರೆ ವಾತಾವರಣದಲ್ಲಿ ಹೆಚ್ಚು ವಿಷದ ತಳಿಗಳು ಜಾಸ್ತಿ ಆಗಬಹುದು ಅನ್ನೋ ಎಚ್ಚರಿಕೆನ ಆ ತಂಡವೇ ಕೊಟ್ಟಿದೆ, ತಮ್ಮದೇ ಔಷಧಿ ಐಡಿಯಾ ಬಗ್ಗೆ. ಇದು ಕಡಿಮೆ ಪ್ರಾಮಾಣಿಕತೆ ಅಲ್ಲ.

ಹಾಗಾದ್ರೆ ರೆಸಿಸ್ಟೆನ್ಸ್ ಬರಲ್ಲ ಅನ್ನೋ ಮೂಲ ವಾದ ಏನಾಯ್ತು? ಅದಕ್ಕೂ ಉತ್ತರ ಇದೇ ಖರ್ಚು-ಲಾಭದ ಲೆಕ್ಕದಲ್ಲೇ ಇದೆ. ಮಾತು ತಡೆಯೋ ಔಷಧಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾ ಹುಟ್ತು ಅಂದ್ಕೊಳ್ಳಿ. ಸುತ್ತ ಎಲ್ಲರೂ ಸುಮ್ಮನಿದ್ದಾಗ ಅದೊಂದೇ ಇಲಾಸ್ಟೇಸ್ ಸುರಿಸುತ್ತೆ, ಖರ್ಚೆಲ್ಲ ಅದರದ್ದು, ಊಟ ಮಾತ್ರ ಎಲ್ಲರದ್ದು. ಔಷಧಿಗೆ ಬಗ್ಗಿರೋ ಕೋಶಗಳೇ ಈಗ ಬಿಟ್ಟಿ ಗಿರಾಕಿಗಳು, ರೆಸಿಸ್ಟೆಂಟ್ ಆಗಿದ್ದಕ್ಕೆ ದಂಡ. 2011ರಲ್ಲಿ ಇದನ್ನ ಚೊಕ್ಕವಾಗಿ ಪರೀಕ್ಷೆ ಮಾಡಿದ್ರು, ಮೂಲ ತಳಿನ ರೆಸಿಸ್ಟೆಂಟ್ ಪಾತ್ರಕ್ಕೆ, ಕಿವುಡು ಮ್ಯೂಟೆಂಟ್‌ನ ಔಷಧಿಗೆ ಬಗ್ಗಿದವರ ಪಾತ್ರಕ್ಕೆ ಹಾಕಿ ಬೆರೆಸಿದ್ರು. ಹಂಚಿಕೊಳ್ಳೋ ಆಹಾರದಲ್ಲಿ ರೆಸಿಸ್ಟೆಂಟ್ ಮೇಲೆ ಬರ್ಲೇ ಇಲ್ಲ. ಅಡೆನೋಸಿನ್ ಅನ್ನೋ ಚಿಕ್ಕ ಅಣು ಒಂದನ್ನೇ ಆಹಾರವಾಗಿ ಕೊಟ್ಟಾಗ ಮಾತ್ರ ಅದು ಗೆದ್ದುಬಿಡ್ತು. ಯಾಕಂದ್ರೆ ಅಡೆನೋಸಿನ್ನನ್ನ ಒಡೆಯೋ ಎನ್ಜೈಮ್ ಕೋಶದ ಒಳಗೇ ಇರುತ್ತೆ, ಅದನ್ನೂ ಲಾಸ್‌ಆರ್ ನಡೆಸುತ್ತೆ, ಹಾಗಾಗಿ ಮಾತು ಕೇಳಿಸಿದವರಿಗೆ ಮಾತ್ರ ಊಟ, ಬಿಟ್ಟಿ ತಿನ್ನೋಕೆ ದಾರಿ ಇಲ್ಲ.

ಇದು ಬರೀ ನಾಟಕ ಅಲ್ಲ ಅಂತ 2012ರಲ್ಲಿ ಗೊತ್ತಾಯ್ತು. ಮೇಲೆ ಹೇಳಿದ ಸಿ-30 ಫ್ಯುರನೋನ್ ಹಾಕಿ ಅಡೆನೋಸಿನ್ ಮೇಲೆ ಬೆಳೆಸಿದಾಗ ಅದಕ್ಕೆ ಬಗ್ಗದ ಮ್ಯೂಟೆಂಟ್‌ಗಳು ನಿಜವಾಗ್ಲೂ ಸಿಕ್ಕವು, ಮೆಕ್ಸ್‌ಆರ್ ಮತ್ತು ನಾಲ್‌ಸಿ ಅನ್ನೋ ಜೀನ್‌ಗಳಲ್ಲಿ ಬದಲಾವಣೆ. ಇವೆರಡೂ ಮಾಮೂಲಿಯಾಗಿ ಒಂದು ಪಂಪಿಗೆ ಬ್ರೇಕ್ ಹಾಕ್ತವೆ, ಬ್ರೇಕ್ ಹೋದ್ರೆ ಮೆಕ್ಸ್‌ಎಬಿ ಪಂಪ್ ಜೋರಾಗಿ ಓಡಿ ಔಷಧಿನ ಹೊರಗೆ ಎಸೆಯುತ್ತೆ. ನಿಜವಾದ ಕಿರಿಕಿರಿ ಏನಂದ್ರೆ ಈ ಪಂಪ್ ಹಲವು ಮಾಮೂಲಿ ಆಂಟಿಬಯೋಟಿಕ್‌ಗಳನ್ನೂ ಎಸೆಯೋದು, ಹಾಗಾಗಿ ಆಂಟಿಬಯೋಟಿಕ್ ತಿಂದು ತಿಂದು ಈ ಮ್ಯೂಟೇಶನ್ ಗಳಿಸಿರೋ ಬ್ಯಾಕ್ಟೀರಿಯಾಗೆ ಮಾತು ತಡೆಯೋ ಔಷಧಿ ಬರೋ ಮೊದಲೇ ಅರ್ಧ ರಕ್ಷಣೆ ರೆಡಿ ಇರುತ್ತೆ. ಆ ಅಧ್ಯಯನದಲ್ಲೇ ರೋಗಿಗಳಿಂದ ಬಂದ ಅಂಥ ತಳಿಗಳೂ ಸಿ-30ಗೆ ಅಷ್ಟಾಗಿ ಬಗ್ಗಲಿಲ್ಲ.

ಆದ್ದರಿಂದ "ಕೊಲ್ಲಲ್ಲ, ಹಾಗಾಗಿ ರೆಸಿಸ್ಟೆನ್ಸ್ ಬರಲ್ಲ" ಅನ್ನೋದು ಅರ್ಧ ಸತ್ಯ. ಕೊಲ್ಲುತ್ತೋ ಇಲ್ವೋ ಅನ್ನೋದಕ್ಕಿಂತ, ತಡೆದ ಸಾಮಾನಿನ ಲಾಭ ಎಲ್ಲರಿಗೂ ಹಂಚ್ತಿತ್ತಾ ಇಲ್ಲ ತಯಾರಿಸಿದವರಿಗೇ ಸಿಗ್ತಿತ್ತಾ ಅನ್ನೋದೇ ತೀರ್ಮಾನ ಮಾಡೋದು. ಹಂಚೋದಾದ್ರೆ ರೆಸಿಸ್ಟೆನ್ಸ್ ತಡವಾಗುತ್ತೆ, ಆದ್ರೆ ಅದೇ ಕಾರಣಕ್ಕೆ ಈ ಟ್ರಯಲ್‌ನಲ್ಲಾದ ಹಾಗೆ ಔಷಧಿ ವಿಷದ ತಳಿನ ಉಳಿಸಿಬಿಡುತ್ತೆ. ಎರಡೂ ಒಂದೇ ಲೆಕ್ಕದ ಎರಡು ಸಾಲುಗಳು, ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡೋಕಾಗಲ್ಲ. ಮನುಷ್ಯನ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಏನು ತಿನ್ನುತ್ತೆ ಅನ್ನೋದು ಈ ದೃಷ್ಟಿಯಿಂದ ಔಷಧಿ ಕಂಪನಿಯವರಿಗೆ ಬೇಕಾದ ಮೊದಲ ಮಾಹಿತಿ ಆಗಬೇಕು, ಸಾಮಾನ್ಯವಾಗಿ ಅದು ಕೊನೆಗೆ ಬರುತ್ತೆ.

ಇನ್ನೆರಡು ತೊಡಕು ಬೇಗ ಹೇಳಿ ಮುಗಿಸ್ತೀನಿ. ಲಾಸ್‌ಆರ್ ಕೆಟ್ಟಿದ್ರೆ ಬ್ಯಾಕ್ಟೀರಿಯಾ ಮೂಕ ಆಯ್ತು ಅಂತ ಅಲ್ಲ, ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ಲಾಸ್‌ಆರ್ ಇಲ್ಲದೇನೂ ಆರ್‌ಎಚ್‌ಎಲ್ ತಾನಾಗೇ ನಡೆಯೋ ತಳಿಗಳು ಸಿಕ್ಕಿವೆ, ಬರೀ ಲಾಸ್‌ಆರ್ ಗುರಿ ಇಟ್ಟ ಔಷಧಿ ಅಲ್ಲಿ ಗಾಳಿಗೆ ಗುದ್ದಿದ ಹಾಗೆ. ಎರಡನೇದು, ಅಜಿತ್ರೋಮೈಸಿನ್ ಸೂಡೊಮೊನಾಸ್‌ನ ಕೊಲ್ಲದೇ ಇದ್ರೂ ಬಾಯಿ ಗಂಟಲಲ್ಲಿರೋ ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ಪಕ್ಕಾ ಆಂಟಿಬಯೋಟಿಕ್, ತಿಂಗಳುಗಟ್ಟಲೆ ಕೊಟ್ರೆ ಅವುಗಳಲ್ಲಿ ಮ್ಯಾಕ್ರೋಲೈಡ್ ರೆಸಿಸ್ಟೆನ್ಸ್ ಬರೋದು ಗೊತ್ತಿರೋ ವಿಷಯ. ರೆಸಿಸ್ಟೆನ್ಸ್ ತಪ್ಪಿಸೋಕೆ ಹೊರಟು ಪಕ್ಕದ ಮನೆಯಲ್ಲಿ ಅದನ್ನ ಬೆಳೆಸಿದ ಹಾಗಾಗುತ್ತೆ. ಅಜಿತ್ರೋಮೈಸಿನ್ ಇಲ್ಲಿ ಐಡಿಯಾ ಪರೀಕ್ಷೆ ಮಾಡೋಕೆ ಸಿಕ್ಕ ಕೈಗೆಟುಕೋ ಸಾಧನ, ಆ ಐಡಿಯಾದ ಅಂತಿಮ ಔಷಧಿ ಅಲ್ಲ.

ಈ ದಾರಿನ ಕೈಬಿಡಬೇಕು ಅಂತ ನನಗನ್ಸಲ್ಲ. ವೆಂಟಿಲೇಟರ್ ಪರಿಸ್ಥಿತಿಗೆ ಒಂದು ಅನುಕೂಲ ಇದೆ, ಅಪಾಯದ ಅವಧಿ ಚಿಕ್ಕದು. ಟ್ಯೂಬ್ ಇರೋ ಕೆಲವು ದಿನ ಅಥವಾ ವಾರ ದಾಟಿಸಿದ್ರೆ ಆಯ್ತು, ಟ್ಯೂಬ್ ತೆಗೆದ ಮೇಲೆ ರೋಗಿ ಕೆಮ್ಮಬಲ್ಲ, ಶ್ವಾಸನಾಳ ತನ್ನನ್ನ ತಾನೇ ಚೊಕ್ಕ ಮಾಡ್ಕೊಳ್ಳುತ್ತೆ. ವರ್ಷಗಟ್ಟಲೆ ಸೋಂಕಿರೋ ಕಾಯಿಲೆಗಿಂತ ಇಲ್ಲೇ ಮಾತು ತಡೆಯೋದಕ್ಕೆ ಅರ್ಥ ಹೆಚ್ಚು. ಆದ್ರೆ ಮುಂದಿನ ಟ್ರಯಲ್ ಯಾರಾದ್ರೂ ಮಾಡೋದಾದ್ರೆ ಸೂಡೊಮೊನಾಸ್ ಕೂತಿರೋ ಎಲ್ಲರನ್ನೂ ಸೇರಿಸೋದು ಬೇಡ, ಮೊದಲ ಕಲ್ಚರ್ ಬಂದ ತಕ್ಷಣ ರ್ಯಾಮ್ನೋಲಿಪಿಡ್ ನೋಡಿ, ಜೋರಾಗಿರೋರನ್ನ ಮಾತ್ರ ತಗೊಳ್ಳಿ, ಹಾಗೆ ಮಾಡಿದ್ರೆ ಐದೈದು ಜನರ ಲೆಕ್ಕದ ಮೇಲೆ ವಾದ ಮಾಡೋ ಗತಿ ಬರಲ್ಲ. ಇದಕ್ಕೆ ಭಾರೀ ಯಂತ್ರನೂ ಬೇಡ. ಸಿಟಿಎಬಿ ಅನ್ನೋ ರಾಸಾಯನಿಕ ಮತ್ತು ಮಿಥಿಲೀನ್ ಬ್ಲೂ ಬಣ್ಣ ಹಾಕಿದ ಅಗರ್ ತಟ್ಟೆ ಮೇಲೆ ರ್ಯಾಮ್ನೋಲಿಪಿಡ್ ತಯಾರಿಸೋ ಕಾಲೊನಿ ಸುತ್ತ ಗಾಢ ನೀಲಿ ಬಳೆ ಬರುತ್ತೆ, ಕೆನೆ ತೆಗೆದ ಹಾಲಿನ ಅಗರ್ ಮೇಲೆ ಇಲಾಸ್ಟೇಸ್‌ನಂಥ ಎನ್ಜೈಮ್ ಬಿಡೋ ಕಾಲೊನಿ ಸುತ್ತ ತಿಳಿಯಾಗುತ್ತೆ, ಲಾಸ್‌ಆರ್ ಕೆಟ್ಟಿರೋದ್ರ ಸುತ್ತ ಸಾಮಾನ್ಯವಾಗಿ ತಿಳಿಯಾಗಲ್ಲ. ಎರಡೂ ಸಾಧಾರಣ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಆಗೋ ಕೆಲಸ. ಮತ್ತೆ ಔಷಧಿ ನಿಲ್ಲಿಸಿದ ಮೇಲೂ ಅದೇ ರೋಗಿಯಿಂದ, ಆ ವಾರ್ಡಿನ ಸಿಂಕು ನಲ್ಲಿಗಳಿಂದ ಸ್ಯಾಂಪಲ್ ತೆಗೀತಾ ಇರಬೇಕು, ಯಾವ ತಳಿ ಉಳೀತು ಅನ್ನೋದು ಅಲ್ಲೇ ಗೊತ್ತಾಗೋದು, ನ್ಯುಮೋನಿಯಾ ಲೆಕ್ಕದಲ್ಲಿ ಅಲ್ಲ.